ತಾಮ್ರದ ಕೊಳವೆ

ಗೃಹಗಳಲ್ಲಿ ವಿಶೇಷವಾಗಿ ಬಿಸಿನೀರಿನ ಮಾರ್ಗಕ್ಕೆ ಒದಗುವ ಲೋಹನಾಳ. ಬೆಳ್ತಂಗಡಿ ತಾಲ್ಲೂಕಿನ ಅಳದಂಗಡಿಯಂಥ ಊರುಗಳಲ್ಲಿ ತಾಮ್ರವು ಬಚ್ಚಲುಮನೆಯ ಹಂಡೆಯಾಗಿ ಚಿರಪರಿಚಿತವಾದರೂ, ಕೊಳವೆಯ ರೂಪದಲ್ಲಿ ಅದು ಹೆಚ್ಚಾಗಿ ಅಡಗಿರುವುದು ಸೌರ ಜಲತಾಪಕದ ಫಲಕಗಳೊಳಗೆ; ಗೋಡೆಯೊಳಗಿನವು ಬಹುಮಟ್ಟಿಗೆ ಪ್ಲಾಸ್ಟಿಕ್ಕಿನವೇ. ತಾಮ್ರದ ಕೊಳವೆಯನ್ನು ಆಯುವವರು ಮೊದಲು ನೀರನ್ನು ಪರೀಕ್ಷಿಸತಕ್ಕುದು: ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಮೃದುವೂ ಕಿಂಚಿತ್ ಆಮ್ಲೀಯವೂ ಆಗಿರುವುದರಿಂದ, ಪಿಎಚ್ ಮಾನವು 6.5ಕ್ಕಿಂತ ಕೆಳಗಿಳಿದಲ್ಲಿ ತಾಮ್ರವು ಮೆಲ್ಲಮೆಲ್ಲನೆ ಕರಗಿ, ತೊಟ್ಟಿಯಲ್ಲಿ ನೀಲಿಹಸುರು ಕಲೆಯನ್ನುಳಿಸುವುದು. ಬೆಸುಗೆಗೆ ಮುನ್ನ ತುದಿಯನ್ನು ಹೊಳೆಯುವಂತೆ ಉಜ್ಜಿ, ಫ್ಲಕ್ಸ್ ಸವರಿ, ಉರಿಯನ್ನು ಜೋಡಣೆಗೇ ಹಿಡಿಯಬೇಕು. ಕಾದ ಸಂದಿನೊಳಕ್ಕೆ ಸೀಸರಹಿತವಾದ ತವರದ ಬೆಸುಗೆಯು ಕೇಶಾಕರ್ಷಣದಿಂದ ತಾನಾಗಿ ಹರಿಯುವುದು. ಒಳಗೆ ಹನಿ ನೀರುಳಿದರೂ ಶ್ರಮವೆಲ್ಲ ವ್ಯರ್ಥ. ಸತುಲೇಪಿತ ಕಬ್ಬಿಣದ ಕೊಳವೆಗೆ ತಾಮ್ರವನ್ನು ನೇರವಾಗಿ ಕೂಡಿಸಿದಲ್ಲಿ ಕಬ್ಬಿಣವು ಬೇಗನೆ ಸವೆಯುವುದು.