ಸಂತ ಬೆನೆಡಿಕ್ಟನ ಮಠನಿಯಮವೂ ದೇಹಶ್ರಮವೂ

ಕ್ರೈಸ್ತಮತದ ಇತಿಹಾಸವನ್ನು ಓದುವವರ ದೃಷ್ಟಿಯು ಸಾಮಾನ್ಯವಾಗಿ ಪೋಪರು, ಚಕ್ರವರ್ತಿಗಳು, ಮತಸಭೆಗಳ ವಾದವಿವಾದಗಳು ಇವುಗಳ ಮೇಲೆಯೇ ನಿಲ್ಲುವುದು. ಶ್ರದ್ಧೆಯು ದಿನದಿನದ ಬಾಳಿನಲ್ಲಿ ಯಾವ ರೂಪವನ್ನು ತಾಳಬೇಕೆಂದು ಆ ಮತದ ಹಿರಿಯರು ಬಯಸಿದರೆಂಬುದನ್ನು ತಿಳಿಯಬೇಕಾದರೆ ಅವರ ಅಡಿಗೆಯ ಮನೆಯನ್ನೂ ಉಗ್ರಾಣವನ್ನೂ ಹೊಕ್ಕು ನೋಡಬೇಕು. ಅದಕ್ಕೆ ದಾರಿ ತೋರುವ ಗ್ರಂಥವೊಂದುಂಟು. ಆರನೆಯ ಶತಮಾನದ ಇಟಲಿಯಲ್ಲಿ ಸಂತ ಬೆನೆಡಿಕ್ಟನು ಲ್ಯಾಟಿನ್ ಭಾಷೆಯಲ್ಲಿ ರಚಿಸಿದ 73 ಅಧ್ಯಾಯಗಳ ಮಠನಿಯಮವೇ ಅದು.

ಬೆನೆಡಿಕ್ಟನು ಕ್ರಿ. ಶ. 480ರ ಸುಮಾರಿಗೆ ನೂರ್ಸಿಯಾ ಎಂಬ ಊರಿನಲ್ಲಿ ಹುಟ್ಟಿದವನು. ಅವನ ಚರಿತ್ರೆಗೆ ಮುಖ್ಯಾಧಾರವು ಮಹಾ ಗ್ರೆಗೊರಿ ಪೋಪನು 593ರ ಸುಮಾರಿಗೆ ಬರೆದ ಸಂವಾದಗ್ರಂಥದ ಎರಡನೆಯ ಭಾಗ. ವಿದ್ಯಾಭ್ಯಾಸಕ್ಕೆಂದು ರೋಮಿಗೆ ಹೋದ ತರುಣನು ಅಲ್ಲಿಯ ನಡತೆಗೆ ಹೇಸಿ ಸುಬಿಯಾಕೋ ಎಂಬಲ್ಲಿ ಮೂರು ವರ್ಷ ಗುಹಾವಾಸಿಯಾಗಿದ್ದನು. ಸಮೀಪದ ಮಠವೊಂದರವರು ಆತನನ್ನು ಬಲವಂತದಿಂದ ಕರೆದೊಯ್ದು ಅಧಿಪತಿಯನ್ನಾಗಿ ಮಾಡಿಕೊಂಡರು. ಅವನ ಕಟ್ಟುಪಾಡನ್ನು ತಾಳಲಾರದೆ ದ್ರಾಕ್ಷಾರಸದಲ್ಲಿ ವಿಷವಿಕ್ಕಲೂ ಯತ್ನಿಸಿದರಂತೆ. ಅವನು ಕೋಪಗೊಳ್ಳದೆ ಅವರನ್ನು ಬಿಟ್ಟು ಗುಹೆಗೆ ಹಿಂದಿರುಗಿದನು. ಮುಂದೆ 529ರ ಸುಮಾರಿಗೆ ಮೊಂಟೆ ಕಾಸಿನೋ ಬೆಟ್ಟದಲ್ಲಿ ಮಠವನ್ನು ಸ್ಥಾಪಿಸಿದನೆಂದು ಸಂಪ್ರದಾಯವು ಹೇಳುತ್ತದೆ.

ಇಂತಹ ಅನುಭವವುಳ್ಳವನು ಬರೆದ ನಿಯಮವು ಉಗ್ರವಾಗಿಲ್ಲವೆಂಬುದೇ ನನಗೆ ಸೋಜಿಗ. ಸಿರಿಯಾ ದೇಶದ ಸಿಮಿಯೋನನು ಕಂಬದ ಮೇಲೆಯೇ ಮೂವತ್ತಕ್ಕೂ ಹೆಚ್ಚು ವರ್ಷ ನಿಂತು 459ರಲ್ಲಿ ತೀರಿಕೊಂಡಿದ್ದನು. ತಪಸ್ಸೆಂದರೆ ಅದೇ ಎಂದು ಜನರು ಕೈಮುಗಿಯುತ್ತಿದ್ದ ಕಾಲವದು. ಬೆನೆಡಿಕ್ಟನಾದರೋ ದಿನಕ್ಕೆ ಬೇಯಿಸಿದ ಎರಡು ವ್ಯಂಜನಗಳನ್ನು ವಿಧಿಸುತ್ತಾನೆ. ಒಬ್ಬನಿಗೆ ಒಂದು ಸೇರದಿದ್ದರೆ ಇನ್ನೊಂದನ್ನು ಉಣ್ಣಲಿ ಎಂಬುದು ಅವನ ಕಾರಣ. ದ್ರಾಕ್ಷಾರಸವು ಸಂನ್ಯಾಸಿಗಳಿಗೆ ತಕ್ಕುದಲ್ಲವೆಂದು ಹಿಂದಿನವರು ಹೇಳಿದ್ದುಂಟು, ಈಗಿನವರು ಅದನ್ನು ಒಪ್ಪುವಂತಿಲ್ಲವಾದುದರಿಂದ ಮಿತವಾಗಿಯಾದರೂ ಕುಡಿಯೋಣವೆಂದು ಒಂದಳತೆಯನ್ನು ಗೊತ್ತುಮಾಡುತ್ತಾನೆ. ತುಕ್ಕನ್ನು ಅತಿಯಾಗಿ ಉಜ್ಜಿದರೆ ಪಾತ್ರೆಯೇ ಒಡೆದೀತೆಂದು ಅಧಿಪತಿಯನ್ನು ಎಚ್ಚರಿಸುತ್ತಾನೆ. ನಾಲ್ಕು ದಶಕಗಳ ಕಾಲ ಹುಡುಗರಿಗೆ ಪಾಠ ಹೇಳಿದವರಿಗೆ ಈ ಮಾತಿನ ಬೆಲೆಯನ್ನು ಬೇರೆ ವಿವರಿಸಬೇಕಾಗಿಲ್ಲ. ಆದರೂ ಇದೇ ಗ್ರಂಥವು ತಪ್ಪಿದ ಬಾಲಕರಿಗೆ ಉಪವಾಸವನ್ನೂ ಛಡಿಯೇಟನ್ನೂ ವಿಧಿಸುವುದನ್ನು ಮರೆಮಾಚಲಾಗದು. ಕಾಲಧರ್ಮವೆಂದು ಕ್ಷಮಿಸುವವರು ಕ್ಷಮಿಸಲಿ, ನನಗೆ ಅದು ಒಪ್ಪಿಗೆಯಾಗದು.

ಈ ನಿಯಮದ ತಿರುಳಿರುವುದು ಕೈಕೆಲಸದ ಪ್ರಕರಣದಲ್ಲಿ. ಸತ್ಯಕಾಮನು ಗುರುವಿನ ನಾನೂರು ಹಸುಗಳನ್ನು ಕಾಯ್ದ ಕಥೆಯನ್ನು ಬಲ್ಲ ನಮಗೆ ಇದರಲ್ಲೇನೂ ಹೊಸತು ತೋರಲಿಕ್ಕಿಲ್ಲ. ಆದರೆ ರೋಮಿನ ಕುಲೀನರಿಗೆ ಭೂಮಿಯ ಒಡೆತನವು ಗೌರವದ ವಿಷಯವಾಗಿತ್ತು, ಅದರಲ್ಲಿ ಬೆವರು ಸುರಿಸುವುದು ದಾಸರ ಪಾಲಾಗಿತ್ತು. ಬೆನೆಡಿಕ್ಟನು ಬಹಳವಾಗಿ ಬಳಸಿಕೊಂಡ ‘ಗುರುವಿನ ನಿಯಮ’ವೆಂಬ ಅಜ್ಞಾತಕರ್ತೃಕ ಗ್ರಂಥವೂ ಮಠದ ಹೊಲಗಳನ್ನು ಗೇಣಿಗೆ ಕೊಟ್ಟುಬಿಡುವುದೇ ಲೇಸೆನ್ನುತ್ತದೆ. ಬೆನೆಡಿಕ್ಟನು ಇಲ್ಲಿ ಬೇರೆ ದಾರಿ ಹಿಡಿದನು. ದಿನವನ್ನು ಪ್ರಾರ್ಥನೆ, ಓದು, ಕೆಲಸಗಳಿಗೆ ಹಂಚಿ, ಬಡತನದಿಂದಲೋ ಸ್ಥಳದ ಅಗತ್ಯದಿಂದಲೋ ಸೋದರರೇ ಪೈರನ್ನು ಕೊಯ್ಯಬೇಕಾದರೆ ಅವರು ಖೇದಗೊಳ್ಳಬಾರದೆಂದನು. ಅಪೊಸ್ತಲರಂತೆ ಕೈದುಡಿಮೆಯಿಂದ ಬಾಳುವಾಗಲೇ ಅವರು ನಿಜವಾದ ಸಂನ್ಯಾಸಿಗಳಂತೆ. ಖೇದಗೊಳ್ಳುವವರು ಇದ್ದುದರಿಂದಲೇ ಅಲ್ಲವೆ ಈ ಮಾತು ಬೇಕಾದುದು? ಮಠದ ಸಾಮಾನುಗಳನ್ನೆಲ್ಲ ಉಗ್ರಾಣಿಯು ಬಲಿಪೀಠದ ಪವಿತ್ರಪಾತ್ರೆಗಳಂತೆ ಕಾಣಬೇಕು. ಗುದ್ದಲಿ ಕುಡುಗೋಲುಗಳ ಪಟ್ಟಿಯು ಅಧಿಪತಿಯಲ್ಲಿರಬೇಕು. ಅಡಿಗೆಯ ಸೇವೆಯು ವಾರದ ಸರದಿಯಂತೆ ಎಲ್ಲರಿಗೂ ಬರುವುದು. ಸರದಿ ಮುಗಿದವನು ಶನಿವಾರ ಕೈವಸ್ತ್ರಗಳನ್ನು ಒಗೆದು ಪಾತ್ರೆಗಳನ್ನು ಶುಚಿಯಾಗಿ ಒಪ್ಪಿಸಬೇಕು, ಹೊಸಬನೊಡನೆ ಸೇರಿ ಸರ್ವರ ಪಾದಗಳನ್ನು ತೊಳೆಯಬೇಕು. ಮಠದಲ್ಲಿ ತಯಾರಾದ ವಸ್ತುಗಳನ್ನು ಮಾರುವಾಗ ಲೋಭವು ನುಸುಳದಂತೆ ಪೇಟೆಯ ದರಕ್ಕಿಂತ ಸ್ವಲ್ಪ ಅಗ್ಗವಾಗಿಯೇ ಕೊಡಬೇಕು. ದಾಸನಾಗಿದ್ದವನಿಗಿಂತ ಸ್ವತಂತ್ರನಾಗಿ ಹುಟ್ಟಿದವನು ಜನ್ಮಮಾತ್ರದಿಂದ ಮೇಲಲ್ಲ. ಮಠವನ್ನು ಸೇರಿದ ದಿನವೇ ಜ್ಯೇಷ್ಠತೆಗೆ ಪ್ರಮಾಣ. ಮುಖ್ಯ ವಿಷಯಗಳಲ್ಲಿ ಎಲ್ಲರನ್ನೂ ಕರೆದು ಆಲೋಚಿಸಬೇಕು, ಕಿರಿಯರನ್ನೂ ಬಿಡಬಾರದು.

ಗ್ರೆಗೊರಿಯು ಹೇಳುವ ಒಂದು ಕಥೆಯು ಇಲ್ಲಿ ಸ್ಮರಣೀಯ. ಇಟಲಿಯನ್ನು ಗೆದ್ದು ಆಳುತ್ತಿದ್ದ ಗಾಥ್ ಜನಾಂಗದವನೊಬ್ಬ ಸಾಧು ಮಠವನ್ನು ಸೇರಿದನು. ಸರೋವರದ ದಡದಲ್ಲಿ ತೋಟಕ್ಕಾಗಿ ಮುಳ್ಳುಪೊದೆಗಳನ್ನು ಕಡಿಯುತ್ತಿರಲು ಕತ್ತಿಯ ಅಲಗು ಹಿಡಿಯಿಂದ ಕಳಚಿ ಆಳವಾದ ನೀರಿಗೆ ಬಿದ್ದಿತು. ಅವನು ನಡುಗುತ್ತ ಓಡಿಹೋಗಿ ತನ್ನ ತಪ್ಪನ್ನು ಒಪ್ಪಿಕೊಂಡನು. ಬೆನೆಡಿಕ್ಟನು ಬಂದು ಹಿಡಿಯನ್ನು ನೀರಿನಲ್ಲಿ ಅದ್ದಲು ಅಲಗು ಮೇಲೆದ್ದು ಸೇರಿಕೊಂಡಿತಂತೆ. ಕೆಲಸ ಮಾಡು, ದುಃಖಿಸಬೇಡವೆಂದು ಅವನು ಅದನ್ನು ಗಾಥನ ಕೈಗಿತ್ತನು. ಪವಾಡವನ್ನು ನಂಬುವುದೂ ಬಿಡುವುದೂ ವಾಚಕರ ಇಷ್ಟ. ಗೆದ್ದ ಜನಾಂಗದವನು ಸೋತವರ ಮಠದ ಕತ್ತಿಯೊಂದು ಕಳೆದುದಕ್ಕೆ ನಡುಗಿದನೆಂಬುದನ್ನು ಮಾತ್ರ ಗಮನಿಸತಕ್ಕುದು.

ಮುಂದಿನ ಚರಿತ್ರೆಯು ಅಷ್ಟು ಸರಳವಲ್ಲ. 910ರಲ್ಲಿ ಫ್ರಾನ್ಸಿನ ಕ್ಲೂನಿಯಲ್ಲಿ ಸ್ಥಾಪಿತವಾದ ಮಠವು ಇದೇ ನಿಯಮವನ್ನು ಅಂಗೀಕರಿಸಿತು. ಆದರೆ ಅಲ್ಲಿ ಗಾಯನ ಪ್ರಾರ್ಥನೆಗಳು ಬೆಳೆಬೆಳೆದು ದಿನದ ಬಹುಭಾಗವನ್ನು ನುಂಗಿದುವು, ಹೊಲದ ಕೆಲಸವು ಆಳುಗಳಿಗೆ ಬಂದಿತು. ಇದನ್ನು ಸಹಿಸದೆ 1098ರಲ್ಲಿ ಸೀತೋ ಎಂಬಲ್ಲಿ ಹೊಸ ಮಠವನ್ನು ಕಟ್ಟಿದವರು ನಿಯಮವನ್ನು ಅಕ್ಷರಶಃ ನಡೆಸುವೆವೆಂದು ಗುದ್ದಲಿಯನ್ನು ಮತ್ತೆ ಕೈಗೆತ್ತಿಕೊಂಡರು. ಅವರ ಭೂಮಿಯು ವಿಸ್ತಾರವಾದಂತೆ ಉಳುವುದಕ್ಕೆ ಕೈಗಳು ಸಾಲದಾದುವು. ಆಗ ಅವರು ‘ಕನ್ವರ್ಸಿ’ಗಳೆಂಬ ಶ್ರಮಿಕ ಸೋದರರ ವರ್ಗವೊಂದನ್ನು ಬೆಳೆಸಿದರು. ಇವರೂ ವ್ರತಸ್ಥರೇ, ಆದರೆ ಇವರ ವಸತಿಯು ಮಠದ ಪಶ್ಚಿಮ ಭಾಗದಲ್ಲಿ ಪ್ರತ್ಯೇಕ, ದೇವಾಲಯದಲ್ಲಿ ಕೂಡುವ ಸ್ಥಳವೂ ಪ್ರತ್ಯೇಕ. ಬಾಯಿಪಾಠದ ಕೆಲವು ಪ್ರಾರ್ಥನೆಗಳ ಹೊರತು ಗ್ರಂಥಾಭ್ಯಾಸವು ಅವರಿಗೆ ನಿಷಿದ್ಧವಾಗಿತ್ತು, ಅಧಿಪತಿಯನ್ನು ಆರಿಸುವಾಗ ಅವರಿಗೆ ಮತವೂ ಇರಲಿಲ್ಲ.