ಎಷ್ಟು ದಿನ ಅಂತ ‘ನಾಳೆ ಬಾ’?

2014ರ ಸೆಪ್ಟೆಂಬರ್ 30ರ ರಾತ್ರಿ. ಅಮೆರಿಕದ ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿ. ಬೇಸ್‌ಬಾಲ್ ಮೈದಾನದಲ್ಲಿ ಎರಡು ತಂಡಗಳು. ಒಂದು ಅದೇ ಊರಿನ ರಾಯಲ್ಸ್, ಇನ್ನೊಂದು ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಅಥ್ಲೆಟಿಕ್ಸ್. ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ. ಎರಡೂ ಬಡ ತಂಡಗಳು. ಎರಡೂ ಆ ಒಂದು ರಾತ್ರಿಗೋಸ್ಕರ ತಮ್ಮ ನಾಳೆಯನ್ನ ಮಾರಿಕೊಂಡು ಬಂದಿದ್ದವು.

ನಾಳೆಯನ್ನ ಮಾರೋದು ಅಂದ್ರೆ ಏನು? ನಮ್ಮ ಐಪಿಎಲ್‌ನಲ್ಲಿ ಎಲ್ಲ ತಂಡಕ್ಕೂ ಹರಾಜಿನ ಪರ್ಸ್ ಒಂದೇ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಅಲ್ಲಿ 30 ತಂಡಗಳಿವೆ, ಸಂಬಳಕ್ಕೆ ಕಟ್ಟುನಿಟ್ಟಿನ ಮಿತಿ ಇಲ್ಲ. ಊರು ದೊಡ್ಡದಾದರೆ ಟಿಕೆಟ್ ದುಡ್ಡು ದೊಡ್ಡದು, ಸ್ಥಳೀಯ ಟಿವಿ ದುಡ್ಡು ಇನ್ನೂ ದೊಡ್ಡದು. ನ್ಯೂಯಾರ್ಕ್ ಯಾಂಕೀಸ್ ತಂಡ ಸ್ಟಾರ್‌ಗಳನ್ನ ಕೊಂಡುಕೊಳ್ಳುತ್ತೆ. ಬಡ ತಂಡ ಹುಡುಗರನ್ನ ಬೆಳೆಸಬೇಕು. ಆ ಬೆಳೆಸೋ ವ್ಯವಸ್ಥೆಗೆ ಅಲ್ಲಿನವರು ಇಟ್ಟಿರೋ ಹೆಸರೇ ಫಾರ್ಮ್. ಅಂದ್ರೆ ಹೊಲ.

ಈ ಹೊಲಕ್ಕೆ ಒಂದು ಗಡುವಿದೆ. ಹುಡುಗ ಮೇಲಿನ ಲೀಗ್‌ಗೆ ಬಂದ ಮೇಲೆ ಸುಮಾರು ಆರು ವರ್ಷ ಮಾತ್ರ ತಂಡದ ಹಿಡಿತದಲ್ಲಿರುತ್ತಾನೆ. ಆಮೇಲೆ ಸ್ವತಂತ್ರ. ಯಾರು ಜಾಸ್ತಿ ಕೊಡ್ತಾರೋ ಅಲ್ಲಿಗೆ ಹೋಗ್ತಾನೆ. ಹಾಗಾಗಿ ಬಡ ತಂಡದ ಮುಂದೆ ಪ್ರತಿ ವರ್ಷ ಒಂದೇ ಪ್ರಶ್ನೆ. ಈ ಇಪ್ಪತ್ತರ ಹುಡುಗನನ್ನ ಇಟ್ಟುಕೊಂಡು ನಾಲ್ಕು ವರ್ಷ ಕಾಯೋದಾ? ಅಥವಾ ಅವನನ್ನ ಬೇರೆ ತಂಡಕ್ಕೆ ಕೊಟ್ಟು ಈ ವರ್ಷವೇ ಗೆಲ್ಲಿಸಿಕೊಡೋ ಸಿದ್ಧ ಆಟಗಾರನನ್ನ ತರೋದಾ?

ಈ ಪ್ರಶ್ನೆಗೆ ಕಾನ್ಸಾಸ್ ಸಿಟಿಯಷ್ಟು ಬೆಲೆ ತೆತ್ತ ಊರು ಕಡಿಮೆ. ಆ ರಾತ್ರಿ ಎದುರಾಳಿಯಾಗಿ ಬಂದಿದ್ದ ಅಥ್ಲೆಟಿಕ್ಸ್ ಇದೆಯಲ್ಲ, ಅದು ಒಂದು ಕಾಲದಲ್ಲಿ ಇದೇ ಊರಿನ ತಂಡ. 1955ರಲ್ಲಿ ಫಿಲಡೆಲ್ಫಿಯಾದಿಂದ ಬಂತು. 13 ವರ್ಷ ಇತ್ತು. ಸೋಲಿಗಿಂತ ಗೆಲುವು ಜಾಸ್ತಿ ಆದ ಒಂದೇ ಒಂದು ವರ್ಷ ಇಲ್ಲ! ಮಾಲೀಕ ಅರ್ನಾಲ್ಡ್ ಜಾನ್ಸನ್‌ಗೆ ಯಾಂಕೀಸ್ ಒಡೆಯರ ಜತೆ ವ್ಯವಹಾರದ ನಂಟು. ಒಳ್ಳೆ ಆಟಗಾರ ತಯಾರಾದರೆ ಸಾಕು, ನ್ಯೂಯಾರ್ಕ್‌ಗೆ ರವಾನೆ. 1959ರ ಡಿಸೆಂಬರ್‌ನಲ್ಲಿ ರೋಜರ್ ಮಾರಿಸ್ ಹೀಗೇ ಹೋದರು. 1961ರಲ್ಲಿ 61 ಹೋಮ್ ರನ್ ಹೊಡೆದು ಬೇಬ್ ರೂತ್ ದಾಖಲೆ ಮುರಿದರು. ಯಾಂಕೀಸ್ ಅಂಗಿಯಲ್ಲಿ.

ಆಮೇಲೆ ಬಂದ ಮಾಲೀಕ ಚಾರ್ಲಿ ಫಿನ್ಲೆ. ಈ ಮನುಷ್ಯ ಬಿತ್ತನೆ ಮಾಡಿದರು, ನಿಜ. ರೆಗ್ಗಿ ಜಾಕ್ಸನ್, ಕ್ಯಾಟ್‌ಫಿಶ್ ಹಂಟರ್ ಥರದ ಹುಡುಗರನ್ನ ಹಿಡಿದು ತಂದರು. ಬೆಳೆ ತೆನೆ ಕಟ್ಟೋ ಹೊತ್ತಿಗೆ, 1967ರ ಸೀಸನ್ ಮುಗೀತಿದ್ದ ಹಾಗೆ, ತಂಡವನ್ನೇ ಕಿತ್ತು ಓಕ್ಲೆಂಡ್‌ಗೆ ಒಯ್ದರು. 1972, 1973, 1974. ಸತತ ಮೂರು ವರ್ಷ ಓಕ್ಲೆಂಡ್ ಚಾಂಪಿಯನ್! ಬಿತ್ತಿದ್ದು ಒಂದು ಊರು, ಕೊಯ್ದಿದ್ದು ಇನ್ನೊಂದು ಊರು.

1969ರಲ್ಲಿ ಔಷಧ ಉದ್ಯಮಿ ಯೂಯಿಂಗ್ ಕೌಫ್‌ಮನ್ ಆ ಊರಿಗೆ ಹೊಸ ತಂಡ ಕಟ್ಟಿಕೊಟ್ಟರು. ಅದೇ ರಾಯಲ್ಸ್. ಮರುವರ್ಷವೇ ಫ್ಲಾರಿಡಾದಲ್ಲಿ ಒಂದು ಬೇಸ್‌ಬಾಲ್ ಅಕಾಡೆಮಿ ತೆರೆದು, ಯಾರ ಕಣ್ಣಿಗೂ ಬೀಳದ ಹುಡುಗರಿಗೆ ತರಬೇತಿ ಕೊಡಿಸಿದರು. ಕಾನ್ಸಾಸ್ ಸಿಟಿಯಲ್ಲೇ ಬೆಳೆದ ಫ್ರ್ಯಾಂಕ್ ವೈಟ್ ಅಲ್ಲಿಂದಲೇ ಬಂದವರು. 1985ರಲ್ಲಿ ರಾಯಲ್ಸ್ ವರ್ಲ್ಡ್ ಸೀರೀಸ್ ಗೆದ್ದಿತು.

1993ರಲ್ಲಿ ಕೌಫ್‌ಮನ್ ತೀರಿಕೊಂಡರು. ಅವರ ಜತೆ ಅವರ ಜೇಬೂ ಹೋಯ್ತು. 2002ರಿಂದ 2006ರವರೆಗಿನ ಐದು ವರ್ಷದಲ್ಲಿ ನಾಲ್ಕು ಸಲ, ಒಂದು ಸೀಸನ್‌ಗೆ ನೂರು ಅಥವಾ ಅದಕ್ಕಿಂತ ಜಾಸ್ತಿ ಸೋಲು. ಹಳೇ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿರುತ್ತಿದ್ದರಲ್ಲ, ಅಭಿಮಾನಿಗಳಿಗೆ ಸಿಕ್ಕಿದ್ದೂ ಅದೇ ಉತ್ತರ. ತಂಡ ಕಟ್ಟುತ್ತಾ ಇದ್ದೀವಿ, ಮುಂದಿನ ವರ್ಷ ನೋಡಿ. ಇಲ್ಲೊಂದು ಸೂಕ್ಷ್ಮ ಗಮನಿಸಿ. ವಾಲ್‌ಮಾರ್ಟ್‌ನ ಮಾಜಿ ಮುಖ್ಯಸ್ಥ ಡೇವಿಡ್ ಗ್ಲಾಸ್ 2000ದಲ್ಲಿ ಈ ತಂಡ ಕೊಂಡಿದ್ದು 96 ಮಿಲಿಯನ್ ಡಾಲರ್‌ಗೆ. 2019ರಲ್ಲಿ ಮಾರಿದ್ದು ಸುಮಾರು 1 ಬಿಲಿಯನ್‌ಗೆ. ಮಾಲೀಕನಿಗೆ ‘ನಾಳೆ’ ಅನ್ನೋದು ನಷ್ಟದ ಮಾತಲ್ಲ ಸ್ವಾಮಿ. ಕಾಯೋ ಕಷ್ಟ ಎಲ್ಲ ಗ್ಯಾಲರಿಯಲ್ಲಿ ಕೂತವನದ್ದು.

ಆದರೆ ಗ್ಲಾಸ್ ಒಂದು ಒಳ್ಳೆ ಕೆಲಸವನ್ನೂ ಮಾಡಿದರು. 2006ರಲ್ಲಿ ಡೇಟನ್ ಮೂರ್ ಅನ್ನೋರನ್ನ ಜನರಲ್ ಮ್ಯಾನೇಜರ್ ಮಾಡಿ, ಕಾದರು. ಮೂರ್ ಹೊಲಕ್ಕೆ ಇಳಿದರು. ವೆನೆಜುವೆಲಾದ 16 ವರ್ಷದ ಹುಡುಗ ಸಾಲ್ವಡೋರ್ ಪೆರೆಜ್‌ಗೆ ಕೊಟ್ಟಿದ್ದು ಬರೀ 65 ಸಾವಿರ ಡಾಲರ್. ಡೊಮಿನಿಕನ್ ರಿಪಬ್ಲಿಕ್‌ನ ಯೊರ್ಡಾನೊ ವೆಂಚುರಾಗೆ 28 ಸಾವಿರ. ಸೋತ ತಂಡಕ್ಕೆ ಆಗ ಡ್ರಾಫ್ಟ್‌ನಲ್ಲಿ ಮೊದಲು ಆರಿಸೋ ಅವಕಾಶ ಇರುತ್ತಿತ್ತು, ಅದರಲ್ಲಿ ಮೈಕ್ ಮುಸ್ಟಾಕಸ್, ಎರಿಕ್ ಹಾಸ್ಮರ್ ಬಂದರು. 2010ರಲ್ಲಿ ತಂಡದ ಅತ್ಯುತ್ತಮ ಪಿಚರ್ ಝ್ಯಾಕ್ ಗ್ರೈಂಕಿಯನ್ನ ಮಿಲ್ವಾಕಿಗೆ ಕೊಟ್ಟು ಲೊರೆಂಜೊ ಕೇನ್, ಅಲ್ಸಿಡೆಸ್ ಎಸ್ಕೋಬಾರ್ ಸೇರಿ ನಾಲ್ವರು ಯುವಕರನ್ನ ತಂದರು. ಇವತ್ತನ್ನ ಕೊಟ್ಟು ನಾಳೆಯನ್ನ ಕೊಂಡರು.

ಎರಡೇ ವರ್ಷ. 2012ರ ಡಿಸೆಂಬರ್‌ನಲ್ಲಿ ಉಲ್ಟಾ! ಆ ವರ್ಷದ ದೇಶದ ಅತ್ಯುತ್ತಮ ಕಿರಿಯ ಆಟಗಾರ ಅಂತ ಹೆಸರು ಮಾಡಿದ್ದ ವಿಲ್ ಮೈಯರ್ಸ್‌ನನ್ನ ಟ್ಯಾಂಪಾ ಬೇ ತಂಡಕ್ಕೆ ಕೊಟ್ಟು, ಜೇಮ್ಸ್ ಶೀಲ್ಡ್ಸ್ ಮತ್ತು ವೇಡ್ ಡೇವಿಸ್ ಎಂಬ ಇಬ್ಬರು ಪಿಚರ್‌ಗಳನ್ನ ತಂದರು. ಶೀಲ್ಡ್ಸ್ ಒಪ್ಪಂದದಲ್ಲಿ ಉಳಿದಿದ್ದು ಎರಡೇ ವರ್ಷ. ಟೀಕಾಕಾರರು ಮುಗಿಬಿದ್ದರು. ಬಿತ್ತನೆ ಬೀಜ ಬೇಯಿಸಿ ತಿಂದ್ರಾ ಅಂತ. 2013ರಲ್ಲಿ ಮೈಯರ್ಸ್ ವರ್ಷದ ಹೊಸಬ ಪ್ರಶಸ್ತಿ ಗೆದ್ದ. ರಾಯಲ್ಸ್ ಪ್ಲೇಆಫ್‌ಗೇ ಹೋಗಲಿಲ್ಲ.

ಹಾಗಾದರೆ ಮೂರ್ ಲೆಕ್ಕ ತಪ್ಪಿತ್ತಾ? ಇಲ್ಲ. ಮೈಯರ್ಸ್‌ನನ್ನ ಇಟ್ಟುಕೊಂಡ ಮಾತ್ರಕ್ಕೆ ಹಾಸ್ಮರ್, ಮುಸ್ಟಾಕಸ್, ಕೇನ್ ಅವರ ಗಡಿಯಾರ ನಿಲ್ಲುತ್ತಿರಲಿಲ್ಲ. 2017 ಮುಗಿದರೆ ಮೂವರೂ ಸ್ವತಂತ್ರರು. ನಾಳೆ ಅನ್ನೋದು ಬ್ಯಾಂಕಿನಲ್ಲಿಟ್ಟ ಠೇವಣಿ ಅಲ್ಲ. ಅದಕ್ಕೂ ಅವಧಿ ಮುಗಿಯೋ ದಿನಾಂಕ ಇದೆ. ಮೂರ್‌ಗೆ ಅದು ಗೊತ್ತಿತ್ತು.

ಈಗ ಮತ್ತೆ ಸೆಪ್ಟೆಂಬರ್ 30ಕ್ಕೆ ಬನ್ನಿ. ಓಕ್ಲೆಂಡ್ ಕೂಡ ಆ ಜುಲೈನಲ್ಲಿ ತನ್ನ ಭರವಸೆಯ ಹುಡುಗ ಆಡಿಸನ್ ರಸೆಲ್‌ನನ್ನ ಶಿಕಾಗೊಗೆ ಕೊಟ್ಟಿತ್ತು. ಜಾನ್ ಲೆಸ್ಟರ್ ಅನ್ನೋ ದೊಡ್ಡ ಪಿಚರ್‌ಗಾಗಿ ಯೊಯೆನಿಸ್ ಸೆಸ್ಪೆಡೆಸ್‌ನನ್ನ ಬಾಸ್ಟನ್‌ಗೆ ಬಿಟ್ಟುಕೊಟ್ಟಿತ್ತು. ಆ ರಾತ್ರಿ ಎಸೆದಿದ್ದೂ ಲೆಸ್ಟರ್. ಎಂಟನೇ ಇನ್ನಿಂಗ್ಸ್ ಶುರುವಾದಾಗ ಓಕ್ಲೆಂಡ್ 7, ರಾಯಲ್ಸ್ 3. ಎಲ್ಲಾ ಮುಗೀತು ಅನ್ನೋವಾಗ ರಾಯಲ್ಸ್ ಎದ್ದು ನಿಂತಿತು. 12ನೇ ಇನ್ನಿಂಗ್ಸ್‌ನಲ್ಲಿ 9-8. ಗೆಲುವಿನ ಹೊಡೆತ ಯಾರದ್ದು ಗೊತ್ತಾ? ಅದೇ 65 ಸಾವಿರದ ಪೆರೆಜ್‌ದು.

ಎರಡೂ ತಂಡ ಒಂದೇ ಜೂಜು ಆಡಿದ್ದವು. ಒಂದು ಉಳೀತು. ಇನ್ನೊಂದು ಮರುವರ್ಷ 94 ಪಂದ್ಯ ಸೋತು ತನ್ನ ವಿಭಾಗದಲ್ಲಿ ಕೊನೆಯ ಸ್ಥಾನಕ್ಕೆ ಬಿತ್ತು. ಅದೃಷ್ಟದ ಪಾಲು ಇಲ್ಲ ಅಂತ ಯಾರೂ ಹೇಳೋಕಾಗಲ್ಲ. ಅದೃಷ್ಟ ರಾಯಲ್ಸ್‌ಗೂ ಕೈಕೊಟ್ಟಿತು. ಅದೇ 2014ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ, ಸಮಬಲದ ರನ್ ಹೊರಬೇಕಿದ್ದ ಆಟಗಾರ 90 ಅಡಿ ದೂರದಲ್ಲಿ ನಿಂತಿದ್ದಾಗ ಆಟ ಮುಗಿದೇ ಹೋಯ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮೂರ್ ಹೆದರಲಿಲ್ಲ. 2015ರ ಜುಲೈನಲ್ಲಿ ಐವರು ಯುವ ಪಿಚರ್‌ಗಳನ್ನ ಕೊಟ್ಟು ಜಾನಿ ಕ್ವೇಟೊ, ಬೆನ್ ಝೋಬ್ರಿಸ್ಟ್ ಇಬ್ಬರನ್ನ ತಂದರು. ಇಬ್ಬರ ಒಪ್ಪಂದವೂ ಆ ಸೀಸನ್‌ಗೇ ಮುಗಿಯೋದು. ನವೆಂಬರ್‌ನಲ್ಲಿ ರಾಯಲ್ಸ್ ಚಾಂಪಿಯನ್. 30 ವರ್ಷದ ಮೇಲೆ! ಕೊನೆಯ ಎಸೆತ ಎಸೆದಿದ್ದು ವೇಡ್ ಡೇವಿಸ್, ಮೈಯರ್ಸ್‌ಗೆ ಬದಲಾಗಿ ಬಂದವನು. ಸುತ್ತಮುತ್ತ ಎಲ್ಲ ಸೇರಿಸಿದರೂ ಸುಮಾರು 20 ಲಕ್ಷ ಜನ ಇರೋ ಪ್ರದೇಶ ಅದು. ವಿಜಯ ಮೆರವಣಿಗೆಗೆ ಬಂದವರು ಸುಮಾರು 8 ಲಕ್ಷ ಅಂತ ಅಂದಾಜು.

ಬಿಲ್ ಬಂತು. 2018ರಲ್ಲಿ 104 ಸೋಲು, 2019ರಲ್ಲಿ 103. ಆದರೆ ನೋಡಿ, ಆ 104 ಸೋಲಿನಿಂದ ಸಿಕ್ಕ ಡ್ರಾಫ್ಟ್ ಸ್ಥಾನದಲ್ಲೇ ಬಾಬಿ ವಿಟ್ ಜೂನಿಯರ್ ಬಂದ. 2024ರಲ್ಲಿ ಅವನಿಗೆ 11 ವರ್ಷದ, 28 ಕೋಟಿ ಡಾಲರ್‌ಗೂ ಮಿಕ್ಕಿದ ಒಪ್ಪಂದ ಕೊಟ್ಟರು. ಅದೇ ವರ್ಷ ರಾಯಲ್ಸ್ ಮತ್ತೆ ಪ್ಲೇಆಫ್‌ಗೆ ಬಂತು. ಅದೇ ವರ್ಷದ ಸೆಪ್ಟೆಂಬರ್ 26ರಂದು ಅಥ್ಲೆಟಿಕ್ಸ್ ಓಕ್ಲೆಂಡ್‌ನಲ್ಲಿ ತನ್ನ ಕೊನೆಯ ಪಂದ್ಯ ಆಡಿ, ಆ ಊರನ್ನೂ ಬಿಟ್ಟು ಹೊರಟಿತು.

ಬೀಜ ಕಾಪಾಡಬೇಕು, ಒಪ್ಪೋಣ. ಎಂಟು ವರ್ಷ ಹೊಲ ಉಳದೇ ಇದ್ದಿದ್ದರೆ ಮೂರ್ ಕೈಯಲ್ಲಿ ಮಾರೋದಕ್ಕೂ ಏನೂ ಇರುತ್ತಿರಲಿಲ್ಲ. ಆದರೆ ಕಣಜ ತುಂಬಿಸಿಟ್ಟುಕೊಂಡು ಊರನ್ನ ಹಸಿವಿನಲ್ಲಿ ಕೂರಿಸೋದು ದೂರದೃಷ್ಟಿ ಅಲ್ಲ. ಬಡ ತಂಡಕ್ಕೆ ಸುಗ್ಗಿ ಬರೋದೇ ಅಪರೂಪ. ಬಂದಾಗ ಉಣ್ಣೋ ಧೈರ್ಯ ಬೇಕು, ಆಮೇಲೆ ಬರ ಬರುತ್ತೆ ಅಂತ ಗೊತ್ತಿದ್ದೂ.