ಅಪ್ಪನ ದಾಡಿ ಡಬ್ಬಿ

ಈ ಸಲ ಗಂಡಸರ ಸಾಮಾನಿನ ಕಥಿ ಬರಿಯಾಕತ್ತೀನಿ. ಇದು ನಮಗೇನು ಸಂಬಂಧ ಅಂತ ಅರ್ಧಕ್ಕ ಬಿಡಬ್ಯಾಡ್ರಿ.

ದೀಪಾವಳಿಗೆ ಮಗ ಬೆಂಗಳೂರಿಂದ ಬಂದಿದ್ದ. ಅವ್ವ ತೀರಿಕೊಂಡ ಮ್ಯಾಲ ತವರಿಂದ ನಾ ತಂದಿಟ್ಟ ಟ್ರಂಕು ತಗದು, ನಮ್ಮ ಅಪ್ಪನ ದಾಡಿ ಡಬ್ಬಿ ಹುಡುಕಿದ. ಒಳಗ ಒಂದು ರೇಜರು, ಕೂದಲ ಉದರಿದ ಬ್ರಶ್ಶು, ಒಂದು ತುಂಡು ತುರಟಿ. ರೇಜರಿನ ಹೊಳಪು ಹೋಗಿ ಒಳಗಿನ ಹಿತ್ತಾಳಿ ಕಾಣತಿತ್ತು. ಹುಣಸಿಹಣ್ಣು ಹಚ್ಚಿ ತಿಕ್ಕಿ ಕೊಟ್ಟೆ. ಇವತ್ತಿನ ಅಂಗಡಿ ಬ್ಲೇಡು ಹಾಕಿದ್ರ ಸರಿಯಾಗಿ ಕುಂತತು! ಐವತ್ತು ವರ್ಷದ ಹಿಂದಿನ ನನ್ನ ಮಿಕ್ಸರಿಗೆ ಇವತ್ತಿನ ಜಾರು ಕೂಡತೈತೇನು?

ಆಮ್ಯಾಲ ಅವನ ದಾಡಿ ನೋಡಬೇಕಿತ್ತು ನೀವು. ಬಿಸಿನೀರಿಂದ ಮುಖ ತೊಳದು, ಬಟ್ಟಲದಾಗ ಸೋಪು ತಿರುವಿ, ದ್ವಾಸಿ ಹಿಟ್ಟು ಉಬ್ಬಿದಂಗ ನೊರಿ ಎಬ್ಬಿಸಿ, ಅರ್ಧ ತಾಸು. ರೇಜರು ಒತ್ತಬಾರದಂತ, ಅದರ ಭಾರಾನ ಸಾಕಂತ. ಸುಮಾರು 30 ಡಿಗ್ರಿ ಓರಿ ಹಿಡೀಬೇಕಂತ. ಮೊದಲು ಕೂದಲ ಬೆಳದ ಕಡೆ, ಮತ್ತ ಅಡ್ಡ. ಕಡೀಕ ತಣ್ಣೀರು, ತುರಟಿ. ನಮ್ಮ ಮನಿಯವರು “ಎರಡು ನಿಮಿಷದ ಕೆಲಸಕ್ಕ ಇಷ್ಟು ಪೂಜಿ ಯಾಕೋ?” ಅಂದ್ರು. “ಅಪ್ಪಾ, ಇದು ನನ್ನ ಹವ್ಯಾಸ” ಅಂದ. ಹವ್ಯಾಸ ಅಂದಮ್ಯಾಲ ಅದರ ಹಿಂದಿನ ಕಥಿ ತಿಳಕೊಬೇಕು ಅನಿಸ್ತು. ಅವನ ಕೂಡ ಕುಂತು ಓದಿದೆ.

ಹಿಂದಕ ದಾಡಿ ಅಂದ್ರ ಉದ್ದನೆ ಕತ್ತಿ. ಅದನ್ನ ಮಸದು, ಚರ್ಮದ ಪಟ್ಟಾಕ್ಕ ತಿಕ್ಕಿ, ಕೈ ನಡುಗದಂಗ ಹಿಡೀಬೇಕು. ನಮ್ಮ ಊರಾಗ ಕ್ಷೌರದ ಕಾಕಾ ಮನಿಗೇ ಬರ್ತಿದ್ದ, ಸುಗ್ಗ್ಯಾಗ ಆಯ ಒಯ್ತಿದ್ದ. ಕತ್ತಿಗೆ ಕಾಪು ಹಾಕಿ ಗದ್ದ ಉಳಿಸೂ ವಿಚಾರ ಫ್ರಾನ್ಸಿನ ಜಾನ್ ಜಾಕ್ ಪೆರೆ ಅನ್ನಾಂವ 18ನೇ ಶತಮಾನದಾಗ ಮಾಡಿದ್ದ. ಆದ್ರ ಮಸಿಯೂದು ತಪ್ಪಿರಲಿಲ್ಲ.

ಅದನ್ನ ತಪ್ಪಿಸಿದಾಂವ ಅಮೆರಿಕಾದ ಕಿಂಗ್ ಕ್ಯಾಂಪ್ ಜಿಲೆಟ್. ಅಂವ ಕಮ್ಮಾರ ಅಲ್ಲ, ಇಂಜಿನಿಯರೂ ಅಲ್ಲ. ಬಾಟ್ಲಿ ಮುಚ್ಚಳ ಮಾಡೂ ಕಂಪನ್ಯಾಗ ಮಾಲು ಮಾರಾಂವ. ಆ ಮುಚ್ಚಳ ಕಂಡುಹಿಡಿದ ವಿಲಿಯಂ ಪೇಂಟರ್ ಇವಗ ಒಂದು ಕಿವಿಮಾತು ಹೇಳಿದ್ನಂತ: ಜನ ಬಳಸಿ ಒಗದು, ಮತ್ತ ಕೊಳ್ಳಾಕ ಬರೂವಂಥಾದ್ದು ಏನರ ಹುಡುಕು ಅಂತ. 1895ರಾಗ ಒಂದು ಮುಂಜಾನಿ ಮೊಂಡ ಬಿದ್ದ ಕತ್ತಿ ಹಿಡಕೊಂಡು ನಿಂತಾಗ ಅವಗ ಹೊಳೀತು. ಕತ್ತಿಗೆ ಬೇಕಾಗೂದು ಧಾರಿ ಮಾತ್ರ, ಉಳಿದ ಉಕ್ಕು ಎದಕ್ಕ ಬೇಕು?

ಕಾಗದದಂಥ ಉಕ್ಕಿನ ತಗಡಿಗೆ ಧಾರಿ ಹಿಡ್ಯಾಕ ಆಗಂಗಿಲ್ಲ ಅಂತ ತಿಳದವರೆಲ್ಲಾ ಅಂದ್ರು. ವಿಲಿಯಂ ನಿಕರ್ಸನ್ ಅನ್ನೂ ಇಂಜಿನಿಯರ್ ಅದಕ್ಕ ದಾರಿ ಹುಡುಕಿದ. 1901ರಾಗ ಬೋಸ್ಟನ್‌ದಾಗ ಕಂಪನಿ ಆತು. 1903ರಾಗ ಮಾರಿದ್ದು ಬರೇ 51 ರೇಜರು, 168 ಬ್ಲೇಡು. ಮರುವರ್ಷ 90 ಸಾವಿರಕ್ಕ ಮಿಕ್ಕಿ ರೇಜರು! ಬ್ಲೇಡು ತೆಳ್ಳಗ ಇದ್ರೂ, ಮ್ಯಾಲ ಮುಚ್ಚಳ ತಿರುವಿದ ಕೂಡ್ಲೇ ಬಿಲ್ಲಿನಂಗ ಬಾಗಿ ಬಿಗಿ ಆಗತೈತಿ. ಅದ ಅದರ ಗುಟ್ಟು. ಮೊದಲ ಮಹಾಯುದ್ಧದಾಗ ಅಮೆರಿಕಾ ಸರ್ಕಾರ ಸಿಪಾಯಿಗಳಿಗೆ ಸುಮಾರು 35 ಲಕ್ಷ ರೇಜರು ಹಂಚಿತು. ಯುದ್ಧ ಮುಗಿಸಿ ಬಂದವರು ಆ ರೂಢಿ ಮನಿಗೂ ತಂದ್ರು. ಬ್ಲೇಡಿನ ಕಾಗದದ ಮ್ಯಾಲ ಜಿಲೆಟ್‌ನ ಮುಖಾನ ಅಚ್ಚು ಹಾಕತಿದ್ರು, ಅದೂ ಮೀಸಿ ಸಮೇತ! 1929ರ ಶೇರುಪೇಟಿ ಕುಸಿತದಾಗ ಗಳಿಸಿದ್ದು ಬಹಳಷ್ಟು ಕಳಕೊಂಡು, 1932ರಾಗ ತೀರಿಕೊಂಡ. 1971ರಾಗ ಎರಡು ಬ್ಲೇಡಿನ ಪ್ಲಾಸ್ಟಿಕ್ ತಲಿ ಬಂದ ಮ್ಯಾಲ ಹಳೇ ರೇಜರು ಮೂಲಿಗೆ ಸರೀತು.

ಬಳಸಿ ಒಗೀಲಿ ಅಂತ ಅಂವ ಮಾಡಿದ. ಆದ್ರ ನಮ್ಮ ಮನ್ಯಾಗ ಯಾರು ಒಗದ್ರು ಹೇಳ್ರಿ? ಭಾರತ್, ಪನಾಮಾ, ಟೋಪಾಜ್, ಯಾವುದ ಇರಲಿ, ಅಪ್ಪನ ಗದ್ದಕ್ಕ ಮೊಂಡ ಆದದ್ದು ಅವ್ವನ ಕೈಗೆ ಬರ್ತಿತ್ತು. ಉದ್ದಕ ಮುರದು ಅರ್ಧಾ ಮಾಡಿ, ಕುಬಸದ ಹೊಲಿಗಿ ಬಿಚ್ಚೂದು, ನಮ್ಮ ಉಗುರು ತಗಿಯೂದು, ಪೆನ್ಸಿಲ್ ಕೆತ್ತೂದು. ಇನ್ನರ್ಧಾ ಹೊಲಿಗಿ ಮಶೀನಿನ ಡ್ರಾದಾಗ. ಜಂಗು ಹಿಡಿಯೂತನಕ ಅದಕ್ಕ ಮುಕ್ತಿ ಇರಲಿಲ್ಲ.

ಈಗ ನಾ ಯಾವತ್ತೂ ಬರೀದ ಒಂದು ಮಾತು ಬರೀತೀನಿ.

ನನಗಿಂತ ಮೊದಲ ಅವ್ವಗ ಒಂದು ಗಂಡು ಕೂಸು ಹುಟ್ಟಿತ್ತು. ಹೆರಿಗಿ ಮನ್ಯಾಗ. ಹೊಕ್ಕಳ ಬಳ್ಳಿ ಕೊಯ್ದದ್ದು ಕುಡಗೋಲಿಂದ, ಹಚ್ಚಿದ್ದು ಬೂದಿ. ಐದನೇ ದಿನ ಕೂಸು ಮೊಲಿ ಹಿಡಿಯೂದು ಬಿಟ್ಟಿತು. ದವಡಿ ಬಿಗೀತು, ಮೈ ಸೆಟೀತು. ಎಂಟನೇ ದಿನಕ್ಕ ಹೋತು. ಗಾಳಿ ಬಡೀತು ಅಂದ್ರು ಎಲ್ಲಾರೂ. ಅದು ಗಾಳಿ ಅಲ್ಲ, ಧನುರ್ವಾಯು. ಮಣ್ಣು ಸಗಣ್ಯಾಗಿನ ಕ್ರಿಮಿ ಕುಡಗೋಲಿನ ಕೂಡ ಬಂದದ್ದು ಅಂತ ಆಮ್ಯಾಲ ನರ್ಸಬಾಯಿ ತಿಳಿಸಿ ಹೇಳಿದ್ಲಂತ. ಹೊಸಾ ಬ್ಲೇಡು, ಕುದಿಸಿದ ದಾರ ಬೇಕು ಅಂದಿದ್ಲಂತ.

1970ರಾಗ ನಾ ಹುಟ್ಟೂ ರಾತ್ರಿ ಜಿಟಿಜಿಟಿ ಮಳಿ. ನರ್ಸಬಾಯಿ ಊರಾಗಿಲ್ಲ. ಸೂಲಗಿತ್ತಿ ಕುಡಗೋಲು ಕೈಗೆ ತಗೊಂಡ್ಲು. ಅವ್ವ “ಅವರ ಡಬ್ಬ್ಯಾಗಿನ ಹೊಸಾ ಬ್ಲೇಡು ತರ್ರಿ, ಇಲ್ಲಂದ್ರ ಕೂಸಿನ್ನ ಮುಟ್ಟಾಕ ಬಿಡಂಗಿಲ್ಲ” ಅಂತ ಹಟ ಹಿಡಿದ್ಲು. ಗಂಡಸರ ದಾಡಿ ಸಾಮಾನು ಹೆರಿಗಿ ಖೋಲಿಗೆ ಹೆಂಗ ತರೂದು ಅಂತ ಅಜ್ಜಿ ಸಿಟ್ಟಾದ್ಲು. ಡಬ್ಬ್ಯಾಗ ಉಳದದ್ದು ಒಂದ ಬ್ಲೇಡು. ಅಪ್ಪ ಒಂದು ಮಾತೂ ಆಡದ ತಂದು, ಕಾಗದ ಬಿಚ್ಚದಂಗ, ಬಾಗಲದಾಗಿಂದ ಕೈ ಚಾಚಿ ಕೊಟ್ನಂತ. ಮುಂದ ಸಂತಿಗೆ ಹೋಗೂತನಕ ಅವನ ಗಡ್ಡ ಹಂಗ ಬೆಳದಿತ್ತಂತ. ಕೇಳಿದವರಿಗೆ “ಮಗಳು ಹುಟ್ಯಾಳ” ಅಂತಿದ್ನಂತ.

ಬ್ಲೇಡೊಂದರಿಂದನ ಕೂಸುಗಳು ಉಳದಾವು ಅಂತ ನಾ ಹೇಳಂಗಿಲ್ಲ. ಬಸರಿ ಹೆಂಗಸರಿಗೆ ಸೂಜಿ ಬಂತು, ದವಾಖಾನಿ ಹೆರಿಗಿ ಬಂತು. ಮನಿ ಹೆರಿಗಿಗೆ ಕೊಡೂ ಪೊಟ್ಟಣದಾಗ ಸೋಪು, ದಾರದ ಜೋಡಿ ಹೊಸಾ ಬ್ಲೇಡೂ ಬಂತು. 2015ರಾಗ ನಮ್ಮ ದೇಶದಾಗ ಬಾಣಂತಿ ಮತ್ತ ಕೂಸಿನ ಧನುರ್ವಾಯು ನಿರ್ಮೂಲನ ಆತು ಅಂತ ಘೋಷಣಾ ಆತು. ಆವತ್ತಿನ ಪೇಪರ್ ಓದಿ ಹೇಳಿದಾಗ ಅವ್ವ ಸೆರಗಿಂದ ಕಣ್ಣು ಒರಸಿಕೊಂಡ್ಲು. ಹೆಸರಿಡೂದಕ್ಕೂ ಮೊದಲ ಹೋದ ಕೂಸು ಅದು.

ಈ ಕಥಿ ಮಗಗ ಹೇಳಿದೆ. ನೊರಿ ಮುಖದಲೇ ಸುಮ್ಮನ ನಿಂತು ಕೇಳಿದ. “ಆ ಬ್ಲೇಡು ಎಲ್ಲೈತಿ?” ಅಂದ.

“ಅದನ್ನ ಮಾಸದ ಜೋಡಿ ಹಿತ್ತಲದಾಗ ಹುಗದ್ರಂತಪಾ. ನಮ್ಮ ಮನ್ಯಾಗ ಒಂದ್ಸಲ ಬಳಸಿ ಬಿಟ್ಟ ಬ್ಲೇಡು ಅಂದ್ರ ಅದೊಂದ” ಅಂದೆ.

ಈಗ ಮಗ ಹಳೇ ಬ್ಲೇಡು ಕಸಕ್ಕ ಹಾಕಂಗಿಲ್ಲ, ಕಸ ಆರಿಸೂ ಹೆಣ್ಣುಮಕ್ಕಳ ಕೈ ಕೊಯ್ದೀತು ಅಂತ. ಖಾಲಿ ಡಬ್ಬಿ ಮುಚ್ಚಳಕ್ಕ ಸೀಳು ಮಾಡಿ ಅದರಾಗ ಇಳಿಬಿಡ್ತಾನ. ನೀವೂ ಹಂಗ ಮಾಡ್ರಿ. ಮತ್ತ ನಿಮ್ಮ ಟ್ರಂಕಿನಾಗ ಅಪ್ಪನದೋ ಮಾವನದೋ ರೇಜರು ಇದ್ರ ಮೋಡಕಾಕ್ಕ ಹಾಕಬ್ಯಾಡ್ರಿ, ಹುಣಸಿಹಣ್ಣು ಹಚ್ಚಿ ತಿಕ್ಕಿ ಇಡ್ರಿ.